ಮೂರು ಮನೆಗಳ ಇಂಗಾಲದ ಲೆಕ್ಕ: ಹೆಚ್ಚುಕಡಿಮೆಗೆ ಆದಾಯವೊಂದೇ ಕಾರಣವೆ?

ತುಮಕೂರು ಉಪನ್ಯಾಸಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಒಂದು ಕುಟುಂಬ ವರ್ಷವೊಂದರಲ್ಲಿ ಬಳಸುವ ವಿದ್ಯುತ್ತು, ಇಂಧನ, ಸಾಮಾನುಗಳಿಂದಾಗಿ ಗಾಳಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಸೇರುತ್ತದೆ ಎಂಬುದನ್ನು, ಅಂದರೆ ಮನೆಯ ಇಂಗಾಲದ ಹೆಜ್ಜೆಗುರುತನ್ನು ಲೆಕ್ಕ ಹಾಕುವ ಕೆಲಸವನ್ನು ಈ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳಿಗೆ ಕೊಡಬೇಕೆಂದಿದ್ದೇನೆ. ಅವರಿಗೆ ಹೇಳುವ ಮೊದಲು ನಾನೇ ಒಮ್ಮೆ ಮಾಡಿ ನೋಡೋಣವೆಂದು ಮೂರು ಮನೆಗಳ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು ಕೂತೆ. ಮೂರನೆಯ ಮನೆಗೆ ಬರುವಷ್ಟರಲ್ಲಿ ಲೆಕ್ಕ ನಾನಂದುಕೊಂಡಂತೆ ನಡೆಯಲಿಲ್ಲ.

ಗುಣಿಸಲು ತೆಗೆದುಕೊಂಡ ಅಂಕಿಗಳು ಹೀಗಿವೆ: ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೊ, 14.2 ಕಿಲೊ ತೂಕದ ಒಂದು ಅಡುಗೆ ಅನಿಲದ ಸಿಲಿಂಡರಿಗೆ 42.5 ಕಿಲೊ, ಒಂದು ಲೀಟರ್ ಪೆಟ್ರೋಲಿಗೆ 2.3 ಕಿಲೊ ಇಂಗಾಲದ ಡೈಆಕ್ಸೈಡ್.

ಮೊದಲನೆಯದು ನಮ್ಮ ಮನೆ. ಅತ್ತೆಯವರೂ ಸೇರಿ ನಾಲ್ಕು ಜನ. ತಿಂಗಳಿಗೆ 160 ಯೂನಿಟ್, ವರ್ಷಕ್ಕೆ 9 ಸಿಲಿಂಡರು, ಕಾರಿಗೆ ತಿಂಗಳಿಗೆ 40 ಲೀಟರ್, ಸ್ಕೂಟರಿಗೆ 10 ಲೀಟರ್. ಎಲ್ಲ ಸೇರಿದರೆ ವರ್ಷಕ್ಕೆ 3.1 ಟನ್, ತಲೆಗೆ ಸುಮಾರು 775 ಕಿಲೊ ಬರುತ್ತದೆ. ಎರಡನೆಯದು ನಮ್ಮ ಮನೆಗೆಲಸಕ್ಕೆ ಬರುವ ಅಕ್ಕನ ಮನೆ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಐದು ಜನ ಇದ್ದಾರೆ. ತಿಂಗಳಿಗೆ 45 ಯೂನಿಟ್, ವರ್ಷಕ್ಕೆ 6 ಸಿಲಿಂಡರು. ಅವರ ಓಡಾಟವೆಲ್ಲ ಬಸ್ಸಿನಲ್ಲಿ. ಮನೆಗೆ ವರ್ಷಕ್ಕೆ 633 ಕಿಲೊ ಆದರೆ ತಲೆಗೆ ಬೀಳುವುದು 127 ಕಿಲೊ. ಇಲ್ಲಿಯವರೆಗೆ ಸರಿ, ಆದಾಯ ಹೆಚ್ಚಾದಂತೆ ಹೊಗೆ ಹೆಚ್ಚು ಎಂದು ಬರೆದುಕೊಂಡೆ.

ಮೂರನೆಯದು ತಿಪಟೂರಿನ ಕಡೆ ಹಳ್ಳಿಯಲ್ಲಿರುವ ನಮ್ಮ ತಾಯಿಯ ಮನೆ. ಅಲ್ಲಿರುವುದು ಅಮ್ಮ ಮತ್ತು ಅಣ್ಣ ಇಬ್ಬರೇ. ತಿಂಗಳಿಗೆ 30 ಯೂನಿಟ್, ವರ್ಷಕ್ಕೆ 4 ಸಿಲಿಂಡರು. ಒಟ್ಟು 422 ಕಿಲೊ, ತಲೆಗೆ 211. ಎ.ಸಿ. ಇಲ್ಲ, ಗೀಸರಿಲ್ಲ, ನಲವತ್ತು ವರ್ಷದ ಹಿಂದಿನ ರೀತಿಯಲ್ಲೇ ಬದುಕುತ್ತಿರುವ ನಮ್ಮಮ್ಮನ ಪಾಲು, ಪೇಟೆಯಲ್ಲಿರುವ ಅಕ್ಕನ ಪಾಲಿಗಿಂತ ಹೆಚ್ಚಾಗುವುದು ಹೇಗೆ? ಇದರ ಮೇಲೆ ಬಚ್ಚಲಲ್ಲಿ ದಿನಾ ಬೆಳಿಗ್ಗೆ ಹಂಡೆ ಒಲೆ ಉರಿಯುತ್ತದೆ. ಅದರಲ್ಲಿ ಸುಡುವ ಮಟ್ಟೆ, ಗರಿ, ಕರಟಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ತೆಗೆದುಕೊಳ್ಳಬೇಕೆ? ಅಕ್ಕನ ಗಂಡ ಓಡಿಸುವ ಆಟೊದ ಇಂಧನವನ್ನೂ ಅಣ್ಣನ ತೋಟದ ಪಂಪ್‌ಸೆಟ್ಟಿನ ವಿದ್ಯುತ್ತನ್ನೂ ಯಾರ ಖಾತೆಗೆ ಬರೆಯಬೇಕು? ಎಲ್ಲಕ್ಕಿಂತ ಮುಖ್ಯವಾಗಿ, ಮನೆಮನೆಗೂ ಇರುವ ಈ ವ್ಯತ್ಯಾಸವನ್ನು ಆದಾಯ, ವಿದ್ಯೆ, ಮನೆಯಲ್ಲಿರುವ ಜನರ ಸಂಖ್ಯೆ, ಊರು ಇವುಗಳಲ್ಲಿ ಯಾವುದು ನಿರ್ಧರಿಸುತ್ತದೆ ಎಂದು ಮಕ್ಕಳಿಗೆ ಹೇಳಲಿ? ತಿಳಿದವರು ದಯವಿಟ್ಟು ತಿಳಿಸಿ.

ಅಂಕಿಅಂಶ (ಉತ್ತರ)

ಮೇಡಂ, ನಿಮ್ಮ ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಅದು ಅರ್ಧ ಲೆಕ್ಕ. ನೀವು ಎಣಿಸಿರುವುದು ಮನೆಯವರ ಕೈಯಿಂದಲೇ ಉರಿದ ಇಂಧನವನ್ನು ಮತ್ತು ಮೀಟರಿನಲ್ಲಿ ಓಡಿದ ವಿದ್ಯುತ್ತನ್ನು ಮಾತ್ರ. ಅಂಗಡಿಯಿಂದ ತಂದ ಅಕ್ಕಿ, ಹಾಲು, ಬಟ್ಟೆ, ಮೊಬೈಲು, ಔಷಧಿ, ಮಗನ ಕಾಲೇಜಿನ ಶುಲ್ಕ, ಮದುವೆಗೆ ಕೊಟ್ಟ ಉಡುಗೊರೆ, ಇವೆಲ್ಲದರ ಹಿಂದೆಯೂ ಎಲ್ಲೋ ಒಂದು ಗದ್ದೆ, ಒಂದು ಕಾರ್ಖಾನೆ, ಒಂದು ಲಾರಿ ಇರುತ್ತದೆ, ಮತ್ತು ಅಲ್ಲಿ ಹೊರಬಿದ್ದ ಇಂಗಾಲ ಕೊನೆಗೆ ಆ ವಸ್ತುವನ್ನು ಬಳಸಿದ ಮನೆಯ ಪಾಲಿಗೇ ಸೇರಬೇಕು. ಮೊದಲನೆಯದನ್ನು ನೇರ ಹೊರಸೂಸುವಿಕೆ, ಎರಡನೆಯದನ್ನು ಪರೋಕ್ಷ ಹೊರಸೂಸುವಿಕೆ ಎನ್ನುತ್ತಾರೆ.

ಇದನ್ನು ಸಂಶೋಧಕರು ಅಂದಾಜು ಮಾಡುವ ಬಗೆ ಹೀಗೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಮನೆಮನೆಗೆ ಹೋಗಿ ಯಾವ ವಸ್ತುವಿಗೆ ಎಷ್ಟು ಖರ್ಚಾಯಿತು ಎಂದು ಬರೆದುಕೊಂಡು ಬರುತ್ತಾರೆ. ದೇಶದ ಒಂದು ಉದ್ಯಮ ಇನ್ನೊಂದು ಉದ್ಯಮದಿಂದ ಎಷ್ಟು ಸರಕು ಕೊಳ್ಳುತ್ತದೆ ಎಂಬ ಕೋಷ್ಟಕ ಬೇರೆ ಇದೆ; ನೀವು ಅರ್ಥಶಾಸ್ತ್ರದವರು, ಲಿಯೊಂಟಿಫ್ ಕೋಷ್ಟಕವನ್ನು ನಾನು ವಿವರಿಸಬೇಕಿಲ್ಲ. ಆ ಕೋಷ್ಟಕದಿಂದ, ಬಟ್ಟೆಗೆ ಕೊಟ್ಟ ಒಂದು ರೂಪಾಯಿಯ ಹಿಂದೆ ಎಷ್ಟು ಗ್ರಾಂ ಇಂಗಾಲ, ಹಾಲಿಗೆ ಕೊಟ್ಟ ರೂಪಾಯಿಯ ಹಿಂದೆ ಎಷ್ಟು ಎಂದು ತೆಗೆದು, ಮನೆಯ ಖರ್ಚಿಗೆ ಗುಣಿಸುತ್ತಾರೆ. ಜಪಾನಿನ ಕ್ಯೋಟೊದ ಸಂಶೋಧಕರ ತಂಡವೊಂದು ಭಾರತದ ಎರಡು ಲಕ್ಷಕ್ಕೂ ಹೆಚ್ಚು ಕುಟುಂಬಗಳ ಖರ್ಚಿನ ಮಾಹಿತಿಯನ್ನು ಹೀಗೆಯೇ ಜಾಲಾಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೇಶದ ಸರಾಸರಿ ತಲಾ 0.56 ಟನ್ ಎಂದು ಬಂತು. ಹೆಚ್ಚು ಖರ್ಚು ಮಾಡುವ ಮನೆಗಳ ಪಾಲು ಕಡುಬಡವರ ಪಾಲಿನ ಸುಮಾರು ಏಳು ಪಟ್ಟು ಇತ್ತು. ಕಡುಬಡವರನ್ನು ಬಡತನದಿಂದ ಮೇಲೆತ್ತುವುದಕ್ಕೂ ಹವಾಮಾನದ ಗುರಿಗಳಿಗೂ ವಿರೋಧವಿಲ್ಲ ಎಂಬುದು ಅವರ ತೀರ್ಮಾನಗಳಲ್ಲೊಂದು.

ಆದುದರಿಂದ ನಿಮ್ಮ ಮುಖ್ಯ ಪ್ರಶ್ನೆಗೆ ನನ್ನ ಉತ್ತರ: ಬೇರೆಲ್ಲಕ್ಕಿಂತ ಹೆಚ್ಚಾಗಿ ಖರ್ಚು. ಆದಾಯವೆಂದೂ ಹೇಳಬಹುದು, ಆದರೆ ಆದಾಯವನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ಮತ್ತು ಉಳಿತಾಯಕ್ಕೆ ಹೋದ ಹಣ ಮನೆಯ ಹೊಗೆಯಲ್ಲಿ ಕಾಣುವುದಿಲ್ಲ. ಅಂತರ ಎಷ್ಟಿದೆ ನೋಡಿ. 2022-23ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಭಾಗದಲ್ಲಿ ತಿಂಗಳ ತಲಾ ವೆಚ್ಚ ಸರಾಸರಿ 3,773 ರೂಪಾಯಿ, ನಗರದಲ್ಲಿ 6,459. ಸರಾಸರಿಯನ್ನು ಬಿಟ್ಟು ತುದಿಗಳನ್ನು ನೋಡಿದರೆ ಹಳ್ಳಿಯ ಕಟ್ಟಕಡೆಯ ಶೇ 5ರಷ್ಟು ಜನರದ್ದು 1,373, ನಗರದ ಮೇಲ್ತುದಿಯ ಶೇ 5ರಷ್ಟು ಜನರದ್ದು 20,824. ಹದಿನೈದು ಪಟ್ಟು.

ಆದರೆ ಖರ್ಚು ಹದಿನೈದು ಪಟ್ಟಾದರೆ ಇಂಗಾಲವೂ ಹದಿನೈದು ಪಟ್ಟಾಗುತ್ತದೆಂದು ಬಗೆಯಬಾರದು. ಹಣ ಎರಡರಷ್ಟಾದ ಮಾತ್ರಕ್ಕೆ ಯಾರೂ ಎರಡರಷ್ಟು ಮುದ್ದೆ ಉಣ್ಣುವುದಿಲ್ಲ. ಅದೇ ಸಮೀಕ್ಷೆಯಲ್ಲಿ ಆಹಾರದ ಪಾಲು ಹಳ್ಳಿಯಲ್ಲಿ ಶೇ 46, ನಗರದಲ್ಲಿ ಶೇ 39. ಉಣ್ಣುವುದು ಮುಗಿದ ಮೇಲೆ ಉಳಿದ ಹಣ ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಅದು ಟ್ಯೂಷನ್ನಿಗೂ ಡಾಕ್ಟರಿಗೂ ಹೋದರೆ ರೂಪಾಯಿಯ ಹಿಂದಿನ ಇಂಗಾಲ ಕಡಿಮೆ. ಕಾರಿಗೂ ವಿಮಾನಕ್ಕೂ ಎ.ಸಿ.ಗೂ ಹೋದರೆ ಬಹಳ ಹೆಚ್ಚು. ವಿದ್ಯೆಯ ಪಾತ್ರ ಇಲ್ಲಿ ಇಬ್ಬಗೆಯದು. ಓದಿದವರು ಫ್ರಿಜ್ಜಿನ ಮೇಲಿನ ನಕ್ಷತ್ರಗಳನ್ನು ಎಣಿಸಿ ಕೊಳ್ಳುತ್ತಾರೆ ನಿಜ, ಆದರೆ ಓದು ತಂದುಕೊಟ್ಟ ಸಂಬಳದಲ್ಲಿ ಅದಕ್ಕಿಂತ ದೊಡ್ಡ ಫ್ರಿಜ್ಜನ್ನೇ ಕೊಳ್ಳುತ್ತಾರೆ.

ಈ ವಿಧಾನಕ್ಕೆ ಒಂದು ದೊಡ್ಡ ಕೊರತೆಯಿದೆ, ಮಕ್ಕಳಿಗೆ ಅದನ್ನು ಹೇಳದೆ ಬಿಡಬೇಡಿ. ರೂಪಾಯಿಯಿಂದ ಅಳೆದಾಗ ಹದಿನೈದು ಸಾವಿರದ ಮೊಳಕಾಲ್ಮೂರು ಸೀರೆಗೆ ಐನೂರರ ಪಾಲಿಯೆಸ್ಟರ್ ಸೀರೆಯ ಮೂವತ್ತು ಪಟ್ಟು ಇಂಗಾಲ ಬಂದುಬಿಡುತ್ತದೆ. ಕೈಮಗ್ಗದಲ್ಲಿ ನೇಯ್ದ ಸೀರೆಯ ಬೆಲೆಯಲ್ಲಿ ಬಹುಪಾಲು ನೇಕಾರರ ದುಡಿಮೆ, ಕಲ್ಲಿದ್ದಲಲ್ಲ. ಹೀಗಾಗಿ ಶ್ರೀಮಂತರ ಪಾಲು ಕೆಲವು ವಸ್ತುಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ನಿಮ್ಮ ತಾಯಿಯವರ ವಿಷಯ ಸರಳ. ಫ್ರಿಜ್ಜು, ಟಿ.ವಿ., ಜಗಲಿಯ ದೀಪ, ಇವು ಇಬ್ಬರಿದ್ದರೂ ಉರಿಯುತ್ತವೆ, ಐವರಿದ್ದರೂ ಅಷ್ಟೇ ಉರಿಯುತ್ತವೆ. ಒಂದು ಕುಕ್ಕರಿನಲ್ಲಿ ಇಬ್ಬರಿಗೆ ಅನ್ನವಾಗಲು ಬೇಕಾದ ಅನಿಲಕ್ಕೂ ಐವರಿಗೆ ಬೇಕಾದದ್ದಕ್ಕೂ ಎರಡೂವರೆ ಪಟ್ಟು ವ್ಯತ್ಯಾಸವಿರುವುದಿಲ್ಲ. ಹಂಚಿಕೊಳ್ಳುವವರು ಹೆಚ್ಚಿದ್ದಷ್ಟೂ ತಲೆಯ ಪಾಲು ಇಳಿಯುತ್ತದೆ. ಮಕ್ಕಳು ಬೆಂಗಳೂರು ಸೇರಿ, ಹಳ್ಳಿಯ ತೊಟ್ಟಿಮನೆಯಲ್ಲಿ ಇಬ್ಬರೇ ಉಳಿಯುವುದು ನಮ್ಮ ಕಡೆ ಮಾಮೂಲಾಗಿರುವಾಗ ಇದು ಸಣ್ಣ ಸಂಗತಿಯಲ್ಲ. ಇನ್ನು ಆಟೊದ ಇಂಧನ ಪ್ರಯಾಣಿಕರ ಖಾತೆಗೆ, ಪಂಪ್‌ಸೆಟ್ಟಿನ ವಿದ್ಯುತ್ತು ಕೊಬ್ಬರಿ ತಿಂದವರ ಖಾತೆಗೆ ಹೋಗಬೇಕು. ತಿಪಟೂರಿನ ಮಾರುಕಟ್ಟೆಯಿಂದ ಕೊಬ್ಬರಿ ಉತ್ತರ ಭಾರತಕ್ಕೆ ಹೋಗುತ್ತದೆ. ಅದರ ಜೊತೆಗೆ ಆ ಇಂಗಾಲವೂ ಲಾರಿ ಹತ್ತಿತು ಎಂದು ತಿಳಿಯಿರಿ. ಸೌದೆಯ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಹೇಳಲಿ.

ಕುಣಿಗಲ್ ಸೀಮೆ (ಉತ್ತರ)

ಸೌದೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಗ್ರಾಮೀಣ ಇಂಧನದ ಕೆಲಸದಲ್ಲಿ ಬಹಳ ವರ್ಷ ಊರೂರು ತಿರುಗಿದವಳು ನಾನು.

ಒಣಸೌದೆ ಒಂದು ಕಿಲೊ ಪೂರ್ತಿ ಉರಿದರೆ ಸುಮಾರು 1.7 ಕಿಲೊ ಇಂಗಾಲದ ಡೈಆಕ್ಸೈಡ್ ಬರುತ್ತದೆ. ನಿಮ್ಮ ತಾಯಿಯವರ ಹಂಡೆ ಒಲೆಗೆ ದಿನಕ್ಕೆ ಐದು ಕಿಲೊ ಎಂದು ಹಿಡಿಯೋಣ. ವರ್ಷಕ್ಕೆ 1,825 ಕಿಲೊ ಸೌದೆ, 3.1 ಟನ್ ಇಂಗಾಲದ ಡೈಆಕ್ಸೈಡ್. ಅಂದರೆ ಕಾರು, ಸ್ಕೂಟರು, 160 ಯೂನಿಟ್ ಎಲ್ಲ ಸೇರಿ ನಿಮ್ಮ ಮನೆಗೆ ಬಂದ ಮೊತ್ತವನ್ನು ಆ ಹಂಡೆಯೊಂದೇ ಸರಿಗಟ್ಟಿತು! ಹೀಗೆ ಲೆಕ್ಕ ಬರೆದರೆ ಬಡವರ ಮನೆಗಳೇ ಲೋಕವನ್ನು ಕೆಡಿಸುತ್ತಿವೆ ಎಂದಾಗುತ್ತದೆ, ಹಾಗೆ ಬರೆದ ವರದಿಗಳನ್ನು ನಾನು ಓದಿಯೂ ಇದ್ದೇನೆ.

ಅದು ತಪ್ಪು. ತೆಂಗಿನ ಮರ ತಿಂಗಳಿಗೊಂದರಂತೆ ಗರಿ ಉದುರಿಸುತ್ತದೆ, ತಿಂಗಳಿಗೊಂದು ಹೊಸ ಗರಿ ಬಿಡುತ್ತದೆ. ಉರಿದ ಗರಿಯಿಂದ ಗಾಳಿಗೆ ಹೋದ ಇಂಗಾಲವನ್ನು ಚಿಗುರುವ ಗರಿ ಅದೇ ಗಾಳಿಯಿಂದ ಎಳೆದುಕೊಳ್ಳುತ್ತದೆ. ಆದ್ದರಿಂದ ಮರ ಕಡಿಯದೆ, ಉದುರಿದ್ದನ್ನು, ಸವರಿದ್ದನ್ನು ಉರಿಸುವವರೆಗೆ ಇಂಗಾಲದ ಡೈಆಕ್ಸೈಡನ್ನು ಸೊನ್ನೆ ಎಂದೇ ಹಿಡಿಯುವುದು ವಾಡಿಕೆ. ಕಾಡಿನಲ್ಲಿ ಬೆಳೆಯುವುದಕ್ಕಿಂತ ಹೆಚ್ಚು ಕಡಿದು ತಂದರೆ ಆ ಹೆಚ್ಚುವರಿಯನ್ನು ಮಾತ್ರ ಸೇರಿಸಬೇಕು. ಆದರೆ ಸೊನ್ನೆಯೆಂದರೆ ಒಲೆ ನಿರ್ದೋಷಿ ಎಂದಲ್ಲ. ಸೌದೆ ಎಂದೂ ಪೂರ್ತಿ ಉರಿಯುವುದಿಲ್ಲ. ಹಸಿ ಮಟ್ಟೆ ಇಟ್ಟಾಗ ಬರುವ ಆ ಬಿಳಿ ಹೊಗೆಯಲ್ಲಿ ಮೀಥೇನ್ ಇರುತ್ತದೆ, ಗೋಡೆಗೆ ಮೆತ್ತಿಕೊಳ್ಳುವ ಮಸಿಯೂ ವಾತಾವರಣವನ್ನು ಕಾಯಿಸುತ್ತದೆ. ಅದಕ್ಕಿಂತ ಮೊದಲು ಅದು ಊದುವವರ ಶ್ವಾಸಕೋಶಕ್ಕೆ ಹೋಗುತ್ತದೆ.

ನಮ್ಮ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯನ್ನು ನಿಮ್ಮ ವಿದ್ಯಾರ್ಥಿಗಳಿಗೆ ಹೇಳಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಕಟ್ಟಿದ ಅಸ್ತ್ರ ಕೇಂದ್ರದವರು ಆ ದಶಕದ ಕೊನೆಯ ಹೊತ್ತಿಗೆ ಪುರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಯ ಇಂಧನವನ್ನು ತೂಗಿ, ಯಾರು ಎಷ್ಟು ಹೊತ್ತು ಏನು ಹೊತ್ತು ತರುತ್ತಾರೆ ಎಂಬುದನ್ನೂ ಬರೆದಿಟ್ಟರು. ಹಳ್ಳಿಯ ಇಂಧನದಲ್ಲಿ ಬಹುಪಾಲು ಅಡುಗೆಯ ಸೌದೆಯೇ ಆಗಿತ್ತು, ವಿದ್ಯುತ್ತಿನ ಪಾಲು ಲೆಕ್ಕಕ್ಕೆ ಸಿಗದಷ್ಟು ಸಣ್ಣದಿತ್ತು. ಸೌದೆ ಮತ್ತು ನೀರು ತರುವ ದುಡಿಮೆಯ ದೊಡ್ಡ ಪಾಲು ಹೆಂಗಸರು, ಮಕ್ಕಳ ತಲೆಯ ಮೇಲಿತ್ತು. ಕಡಿಮೆ ಸೌದೆ ನುಂಗುವ ಅಸ್ತ್ರ ಒಲೆ ಬಂದದ್ದು ಅದೇ ಕೇಂದ್ರದಿಂದ.

ನೀವು ಆದಾಯ, ವಿದ್ಯೆ, ಊರು ಎಂದು ಪಟ್ಟಿ ಮಾಡಿದಿರಿ. ಮನೆಯೊಳಗೆ ತೀರ್ಮಾನ ಯಾರದು ಎಂಬುದನ್ನು ಬಿಟ್ಟಿರಿ. 2016ರಲ್ಲಿ ಉಜ್ವಲಾ ಯೋಜನೆ ಬಂದು ಸಿಲಿಂಡರು ಹಳ್ಳಿಯ ಮನೆಗಳನ್ನು ಹೊಕ್ಕಿತು, ಅದು ದೊಡ್ಡ ಬದಲಾವಣೆ. ಆದರೆ ಮೊದಲ ಸಿಲಿಂಡರು ಬರುವುದು ಬೇರೆ, ಖಾಲಿಯಾದದ್ದನ್ನು ತುಂಬಿಸುವುದು ಬೇರೆ. ನಾನು ಹೋದ ಎಷ್ಟೋ ಮನೆಗಳಲ್ಲಿ ಸ್ಟೌವಿನ ಮೇಲೆ ಬಟ್ಟೆ ಹೊದಿಸಿಟ್ಟಿರುತ್ತಾರೆ. ಕಾಫಿಗೆ, ನೆಂಟರು ಬಂದಾಗ ಅನಿಲ. ಮುದ್ದೆಗೆ, ಹಸುವಿನ ಬೂಸಾ ಬೇಯಿಸುವುದಕ್ಕೆ, ಸ್ನಾನದ ನೀರಿಗೆ ಸೌದೆ. ಸೌದೆಗೆ ಹೆಂಗಸಿನ ಹೊತ್ತು ಖರ್ಚಾಗುತ್ತದೆ, ಸಿಲಿಂಡರಿಗೆ ಗಂಡಸಿನ ಜೇಬಿನ ಹಣ. ಯಾವುದು ಅಗ್ಗವೆಂದು ತೀರ್ಮಾನಿಸುವವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಬಯಲುಸೀಮೆ (ಉತ್ತರ)

ನನ್ನದೊಂದು ಆಕ್ಷೇಪವಿದೆ. ಐದು ಜನಕ್ಕೆ 45 ಯೂನಿಟ್ ಉರಿಸುವ ಮನೆಯ ಹೊಗೆಯನ್ನು ತೂಗಲು ಹೊರಡುವುದೇ ನನಗೆ ಸರಿಕಾಣುವುದಿಲ್ಲ. 1991ರಲ್ಲೇ ಪರಿಸರವಾದಿಗಳಾದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಅವರು, ಬಡವರ ಗದ್ದೆಯ ಮತ್ತು ಹಸುವಿನ ಮೀಥೇನನ್ನು ಶ್ರೀಮಂತ ದೇಶಗಳ ಕಾರುಗಳ ಹೊಗೆಯ ಜೊತೆ ಒಂದೇ ತಕ್ಕಡಿಯಲ್ಲಿ ಇಡಬಾರದು, ಬದುಕಿಗೆ ಬೇಕಾದ ಹೊರಸೂಸುವಿಕೆ ಬೇರೆ, ಭೋಗದ ಹೊರಸೂಸುವಿಕೆ ಬೇರೆ ಎಂದು ವಾದಿಸಿದ್ದರು. ದೇಶ ದೇಶಗಳ ನಡುವೆ ನಾವು ಹೇಳುವ ಆ ಮಾತನ್ನು ದೇಶದೊಳಗೆ ಬಂದ ಕೂಡಲೇ ಮರೆಯುತ್ತೇವೆ. 2007ರಲ್ಲಿ ಗ್ರೀನ್‌ಪೀಸ್ ಇಂಡಿಯಾ ಇದನ್ನೇ ಎತ್ತಿ ತೋರಿಸಿತು: ತಿಂಗಳಿಗೆ 30,000 ರೂಪಾಯಿಗಿಂತ ಹೆಚ್ಚು ಆದಾಯವಿರುವವರ ತಲಾ ಪಾಲು 3,000ಕ್ಕಿಂತ ಕಡಿಮೆ ಇರುವವರ ಪಾಲಿನ ನಾಲ್ಕೂವರೆ ಪಟ್ಟು, ಮತ್ತು ಸರಾಸರಿ ತೆಗೆದಾಗ ಮೊದಲನೆಯವರು ಎರಡನೆಯವರ ಹಿಂದೆ ಅಡಗಿಕೊಳ್ಳುತ್ತಾರೆ ಎಂಬುದು ಆ ವರದಿಯ ಸಾರ. ಮನೆಗಳದ್ದಷ್ಟೇ ಅಲ್ಲದೆ ದೇಶದ ಇಡೀ ಹೊರಸೂಸುವಿಕೆಯನ್ನು ಜನಸಂಖ್ಯೆಗೆ ಭಾಗಿಸಿ, ಭಾರತದ ತಲಾ ಪಾಲು ಸುಮಾರು ಎರಡು ಟನ್, ಪ್ರಪಂಚದ ಸರಾಸರಿಯ ಅರ್ಧಕ್ಕಿಂತ ಕಡಿಮೆ ಎಂದು ಎದೆ ತಟ್ಟಿಕೊಳ್ಳುವಾಗ ಆ ಎರಡು ಟನ್ನಿನಲ್ಲಿ ಆ ಅಕ್ಕನ ಪಾಲೆಷ್ಟು ಎಂದು ಯಾರು ಕೇಳುತ್ತಾರೆ?

ತುಮಕೂರು ಉಪನ್ಯಾಸಕಿ

ನಿಮ್ಮ ಆಕ್ಷೇಪ ಸರಿಯಿದೆ, ಆದರೆ ತೂಗದಿದ್ದರೆ ನಾಲ್ಕೂವರೆ ಪಟ್ಟು ಎಂಬುದೂ ಗೊತ್ತಾಗುತ್ತಿರಲಿಲ್ಲವಲ್ಲ. ಅವರ ಮನೆಯನ್ನು ತೂಗಿದ್ದು ಕಡಿಮೆ ಮಾಡಿ ಎಂದು ಹೇಳುವುದಕ್ಕಲ್ಲ. ಅಂದಹಾಗೆ, ನಾನು ಬಿಲ್ಲು ಕೇಳಿದಾಗ ಅಕ್ಕ ಹೇಳಿದ ಮೊದಲ ಮಾತು: “ಸೊನ್ನೆ ಬಿಲ್ಲಲ್ಲವಾ ಅಮ್ಮ, ಅದರಲ್ಲಿ ಏನು ನೋಡುತ್ತೀರಿ?”

ನಿವೃತ್ತ ಇಂಜಿನಿಯರ್ (ಉತ್ತರ)

ವಿದ್ಯುತ್ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇದ್ದವನಾದ್ದರಿಂದ ಮೀಟರಿನ ಬಗ್ಗೆ ಎರಡು ಮಾತು ಹೇಳುತ್ತೇನೆ.

ಮೊದಲಿಗೆ ನಿಮ್ಮ 0.7. ಕರ್ನಾಟಕದಲ್ಲಿ ಶರಾವತಿ ಇದೆ, ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ, ನಮ್ಮ ವಿದ್ಯುತ್ತಿಗೆ ಇಷ್ಟು ಇಂಗಾಲ ಹಾಕುವುದು ಅನ್ಯಾಯವಲ್ಲವೆ ಎಂದು ನಿಮ್ಮ ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗ ಚಾಲೂ ಆದ ಮೇಲೆ ದಕ್ಷಿಣದ ಜಾಲ ದೇಶದ ಜಾಲದೊಂದಿಗೆ ಒಂದಾಯಿತು. ಅಂದಿನಿಂದ ತಂತಿಯಲ್ಲಿ ಬರುವ ವಿದ್ಯುತ್ತು ಶರಾವತಿಯದೋ ರಾಯಚೂರಿನ ಕಲ್ಲಿದ್ದಲಿನದೋ ಛತ್ತೀಸಗಡದ್ದೋ ಎಂದು ಬೇರೆ ಮಾಡುವುದಕ್ಕೆ ಅರ್ಥವಿಲ್ಲ, ಕೇಂದ್ರ ವಿದ್ಯುತ್ ಪ್ರಾಧಿಕಾರವೂ ಇಡೀ ದೇಶಕ್ಕೆ ಒಂದೇ ಅಂಕಿ ಕೊಡುತ್ತದೆ. ಅದು ಸ್ಥಾವರದ ಬಾಗಿಲಿನ ಅಂಕಿ. ನಿಮ್ಮ ಮೀಟರಿನಲ್ಲಿ 100 ಯೂನಿಟ್ ಓಡಬೇಕಾದರೆ ದಾರಿಯ ನಷ್ಟ ತುಂಬಲು ಅಲ್ಲಿಂದ ಇನ್ನೂ ಹೆಚ್ಚು ಹೊರಡಬೇಕು, ಆದ್ದರಿಂದ ಮನೆಯ ಮೀಟರಿಗೆ 0.7 ಸ್ವಲ್ಪ ಕಡಿಮೆಯೇ ಆಯಿತು.

ಎರಡನೆಯದು, ಮೀಟರು ಆರ್‌.ಆರ್. ನಂಬರನ್ನು, ಅಂದರೆ ಸಂಪರ್ಕದ ಸಂಖ್ಯೆಯನ್ನು, ಬಲ್ಲದೇ ಹೊರತು ಜನರನ್ನಲ್ಲ. ಹಳೆಯ ವಠಾರಗಳಲ್ಲಿ ನಾಲ್ಕು ಸಂಸಾರಕ್ಕೆ ಒಂದು ಮೀಟರಿರುತ್ತದೆ. ನಾಲ್ಕೂ ಬಡ ಮನೆಗಳೇ ಆದರೂ ಒಟ್ಟು ಯೂನಿಟ್ ನೋಡಿದರೆ ಬಂಗಲೆಯಂತೆ ಕಾಣುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದಾಗ ಹಿಂದಿನ ವರ್ಷದ ಸರಾಸರಿಯ ಮೇಲೆ ಶೇ 10 ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ ಉಚಿತವೆಂದರು. ಬಾಡಿಗೆದಾರರಿಗೂ ಸಿಕ್ಕಿತು, ಆದರೆ ತಮ್ಮದೇ ಮೀಟರಿರುವ ಬಾಡಿಗೆದಾರರಿಗೆ. ಮಾಲೀಕರು ಹಾಕಿಸಿದ ಸಬ್ ಮೀಟರಿನಲ್ಲಿ ಬದುಕುವವರು ಯೂನಿಟ್ಟಿಗಿಷ್ಟು ಎಂದು ಮಾಲೀಕರಿಗೆ ಕೊಡುತ್ತಲೇ ಇದ್ದಾರೆ. ನಿಮ್ಮ ಮನೆಯ ಅಕ್ಕನಿಗೆ ಹೇಳಿ, ಸೊನ್ನೆ ಬಿಲ್ಲಿನಲ್ಲೂ ಎಷ್ಟು ಯೂನಿಟ್ ಓಡಿತೆಂದು ಅಚ್ಚಾಗಿರುತ್ತದೆ. ಹಣ ಕೊಡಬೇಕಿಲ್ಲದಿದ್ದರೆ ಅದನ್ನು ಯಾರೂ ಓದುವುದಿಲ್ಲ ಎಂಬುದು ಮಾತ್ರ ನಿಜ, ನಮ್ಮ ಮನೆಯಲ್ಲೂ ಓದುವುದಿಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದದ್ದು ಇನ್ನೊಂದು. ಕಡಿಮೆ ಇಂಗಾಲದಲ್ಲಿ ಬದುಕಲು ಮೊದಲು ಬಂಡವಾಳ ಬೇಕು. ನಮ್ಮ ರಾಜ್ಯದಲ್ಲಿ ಬಿಸಿಲಿನಿಂದ ನೀರು ಕಾಯಿಸುವ ಸೋಲಾರ್ ಹೀಟರುಗಳು ಬೇರೆ ಕಡೆಗಿಂತ ಹೆಚ್ಚು; ಅದಕ್ಕೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿಯವರೆಗೆ ರಿಯಾಯಿತಿ ಕೊಟ್ಟ ಕಾಲವೂ ಇತ್ತು. ಆ ರಿಯಾಯಿತಿ ಯಾರಿಗೆ ಹೋಯಿತು? ಸ್ವಂತ ತಾರಸಿ ಇದ್ದವರಿಗೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಯ ಮೇಲೆ ಹಾಕಿಸುವ 3 ಕಿಲೊವಾಟಿನ ಸೌರಫಲಕಗಳಿಗೆ 78,000 ರೂಪಾಯಿಯವರೆಗೆ ಸಹಾಯಧನವಿದೆ, ಅದಕ್ಕೂ ತಾರಸಿ ಬೇಕು. ಐದು ನಕ್ಷತ್ರದ ಫ್ರಿಜ್ಜಿಗೆ ಕೈಯಲ್ಲಿ ಇಡುಗಂಟು ಬೇಕು. ಇಲ್ಲದವರು ಹತ್ತು ವರ್ಷ ಬಳಸಿದ ಫ್ರಿಜ್ಜನ್ನು ಸೆಕೆಂಡ್ ಹ್ಯಾಂಡಿನಲ್ಲಿ ತರುತ್ತಾರೆ, ಅದರ ಬಾಗಿಲಿನ ರಬ್ಬರು ಸಡಿಲವಾಗಿ ಕಂಪ್ರೆಸರು ಹಗಲು ರಾತ್ರಿ ಗುಂಯ್‌ಗುಡುತ್ತದೆ. ಹೀಗಾಗಿ ಬಡವರ ಒಟ್ಟು ಬಳಕೆ ಸಣ್ಣದಿದ್ದರೂ, ಒಂದು ಬಕೆಟ್ ಬಿಸಿನೀರಿಗೆ ಅಥವಾ ಒಂದು ತಣ್ಣನೆಯ ಪಾತ್ರೆ ಹಾಲಿಗೆ ಅವರು ಖರ್ಚು ಮಾಡುವ ಇಂಗಾಲ ನಮಗಿಂತ ಹೆಚ್ಚಿರಬಹುದು. ಮನೆ ಸ್ವಂತದ್ದೋ ಬಾಡಿಗೆಯದ್ದೋ ಎಂಬ ಒಂದು ಕಾಲಮ್ಮನ್ನು ನಿಮ್ಮ ಪ್ರಶ್ನಾವಳಿಗೆ ಸೇರಿಸಿ.

ಕಡಲಾಚೆ (ಉತ್ತರ)

ಅಮೆರಿಕದಿಂದ ಬರೆಯುತ್ತಿದ್ದೇನೆ. ಇಲ್ಲಿನ ಸರಾಸರಿ ಮನೆಯೊಂದು ವರ್ಷಕ್ಕೆ 10,000 ಯೂನಿಟ್ಟಿಗೂ ಹೆಚ್ಚು ವಿದ್ಯುತ್ತು ಬಳಸುತ್ತದೆ, ನಿಮ್ಮ ಮನೆಯದ್ದು 1,920. ಹೋಲಿಸುವುದಕ್ಕೆ ಬರೆದದ್ದಲ್ಲ, ಊರಿನ ಪ್ರಶ್ನೆ ಕೇಳಿದಿರಲ್ಲ ಅದಕ್ಕೆ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪಿನ್‌ಕೋಡ್ ಪಿನ್‌ಕೋಡಿಗೂ ಮನೆಗಳ ಹೆಜ್ಜೆಗುರುತು ಅಳೆದಾಗ, ಒತ್ತೊತ್ತಾಗಿ ಕಟ್ಟಿದ ನಗರದ ನಡುವೆ ಪಾಲು ಕಡಿಮೆ, ಸುತ್ತಲಿನ ಬಡಾವಣೆಗಳಲ್ಲಿ ಹೆಚ್ಚು ಎಂದು ಕಂಡಿತು. ದೇಶದ ಮನೆಗಳ ಒಟ್ಟು ಹೊರಸೂಸುವಿಕೆಯಲ್ಲಿ ಅರ್ಧದಷ್ಟು ಆ ಬಡಾವಣೆಗಳದ್ದೇ. ಅಲ್ಲಿ ಆದಾಯ ಹೆಚ್ಚು, ಮನೆ ದೊಡ್ಡದು, ಹಾಲು ತರಬೇಕೆಂದರೂ ಕಾರು. ನಾನಿರುವುದು ಅಂಥ ಬಡಾವಣೆಯಲ್ಲೇ. ಇದರ ಮೇಲೆ ವರ್ಷಕ್ಕೊಮ್ಮೆ ಊರಿಗೆ ಬಂದು ಹೋಗುವ ವಿಮಾನಕ್ಕೆ ಒಬ್ಬರಿಗೆ ಎರಡು ಟನ್ನಿನ ಆಸುಪಾಸು ಆಗುತ್ತದೆ, ನಾವು ನಾಲ್ವರು. ಬೆಂಗಳೂರಿನ ಹೊರವಲಯದಲ್ಲಿ ಗೇಟು ಹಾಕಿದ ಬಡಾವಣೆಗಳನ್ನು ನೋಡಿದಾಗೆಲ್ಲ, ನಾವು ಇಲ್ಲಿ ಮಾಡಿದ್ದನ್ನೇ ಅಲ್ಲಿಯೂ ಕಟ್ಟುತ್ತಿದ್ದಾರಲ್ಲ ಎನ್ನಿಸುತ್ತದೆ.

ತುಮಕೂರು ಉಪನ್ಯಾಸಕಿ

ಎಲ್ಲರಿಗೂ ಧನ್ಯವಾದ. ಪ್ರಶ್ನಾವಳಿಯನ್ನು ತಿದ್ದಿದ್ದೇನೆ: ತಿಂಗಳ ಖರ್ಚು, ಮನೆಯಲ್ಲಿ ಉಣ್ಣುವವರ ಸಂಖ್ಯೆ, ಸ್ವಂತವೋ ಬಾಡಿಗೆಯೋ, ಮೀಟರು ಯಾರ ಹೆಸರಿನದು, ಸಿಲಿಂಡರು ತುಂಬಿಸುವ ತೀರ್ಮಾನ ಯಾರದು, ಇಷ್ಟೂ ಸೇರಿವೆ. ಸೌದೆಗೆ ಬೇರೆ ಕಾಲಮ್ಮು ಇಟ್ಟು, ಮೊತ್ತಕ್ಕೆ ಸೇರಿಸದೆ, ಎಲ್ಲಿಂದ ತಂದದ್ದು ಎಂದು ಕೇಳುತ್ತಿದ್ದೇನೆ.

ಪರೋಕ್ಷ ಲೆಕ್ಕದ ರುಚಿ ನೋಡೋಣವೆಂದು ನಮ್ಮ ಮನೆಯದೇ ಒಂದು ಹಳೆಯ ಖರ್ಚನ್ನು ತೆಗೆದೆ. ಮೂರು ವರ್ಷದ ಹಿಂದೆ ಮೇಲೊಂದು ಅಂತಸ್ತು ಕಟ್ಟಿಸಿದೆವು. ಮೇಸ್ತ್ರಿಯ ಚೀಟಿಗಳಲ್ಲಿ 400 ಮೂಟೆ ಸಿಮೆಂಟು, ಮೂರೂವರೆ ಟನ್ ಕಬ್ಬಿಣ ಇದೆ. ಒಂದು ಮೂಟೆ ಸಿಮೆಂಟಿಗೆ ಸುಮಾರು 30 ಕಿಲೊ, ಒಂದು ಟನ್ ಕಬ್ಬಿಣಕ್ಕೆ ಸುಮಾರು ಎರಡೂವರೆ ಟನ್ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ಮೊತ್ತ 20 ಟನ್ನು ದಾಟಿತು. ಇಟ್ಟಿಗೆ, ಟೈಲ್ಸ್ ಇನ್ನೂ ಸೇರಿಲ್ಲ. ನಾನು ಕಷ್ಟಪಟ್ಟು ಬಿಲ್ಲು ಹುಡುಕಿ ಬರೆದ ವರ್ಷದ 3.1 ಟನ್ನಿನ ಆರೂವರೆ ಪಟ್ಟು! ಐವತ್ತು ವರ್ಷಕ್ಕೆ ಹಂಚಿದರೂ ವರ್ಷಕ್ಕೆ ನಾನೂರು ಕಿಲೊ, ಅಮ್ಮನ ಇಡೀ ಮನೆಯ ವರ್ಷದ ಲೆಕ್ಕಕ್ಕೆ ಹತ್ತಿರ.

ಇನ್ನೂ ಒಂದು ವಿಷಯವನ್ನು ಸಂಕೋಚದಿಂದಲೇ ಹೇಳುತ್ತೇನೆ. ಆ ಅಂತಸ್ತನ್ನು ಬಾಡಿಗೆಗೆ ಕೊಟ್ಟಿದ್ದೇವೆ, ಈಗಷ್ಟೇ ಮದುವೆಯಾದ ದಂಪತಿ ಇದ್ದಾರೆ. ಇಂಜಿನಿಯರ್ ಸಾರ್ ಬಾಡಿಗೆಯ ಮಾತು ಬರೆದ ರಾತ್ರಿ ತಾರಸಿಗೆ ಹೋಗಿ ನೋಡಿದೆ. ಸೋಲಾರ್ ಟ್ಯಾಂಕು ಅವರ ತಲೆಯ ಮೇಲೆಯೇ ಇದೆ. ಅಲ್ಲಿಂದ ಇಳಿಯುವ ಬಿಸಿನೀರಿನ ಪೈಪು ಅವರ ಬಚ್ಚಲ ಗೋಡೆಯೊಳಗೇ ಹಾದು ಕೆಳಗೆ ನಮ್ಮ ಬಚ್ಚಲಿಗೆ ಬರುತ್ತದೆ. ಅವರಿಗೊಂದು ನಲ್ಲಿ ಬಿಟ್ಟಿಲ್ಲ, ಕಟ್ಟಿಸುವಾಗ ಬಾಡಿಗೆಯವರಿಗೆ ಗೀಸರ್ ಪಾಯಿಂಟ್ ಸಾಕೆಂದು ನಾವೇ ಹೇಳಿದ್ದೆವು. ಈಗ ನಲ್ಲಿ ಕೊಡಬೇಕೆಂದರೆ ಎರಡು ಟೈಲ್ಸ್ ಒಡೆಯಬೇಕು, ಅದೇ ಬಣ್ಣದ ಟೈಲ್ಸ್ ಸಿಗುವುದಿಲ್ಲ ಎಂದು ನಮ್ಮ ಯಜಮಾನರು ಹೇಳುತ್ತಿದ್ದಾರೆ. ಪ್ಲಂಬರನ್ನು ಭಾನುವಾರ ಬರಲು ಹೇಳಿದ್ದೇನೆ.